ಎಲ್ಲ ಕಡೆಗೂ ಹೊರಟಿದ್ದ ಅಕ್ಕ

ಯಾರು ಯಾವ ದಾರಿ ಕೇಳಿದರೂ ಅಕ್ಕ ಆ ದಾರಿಯಲ್ಲೇ ಹೊರಟಿರುತ್ತಿದ್ದಳು. ಅಂಚೆ ಕಚೇರಿ ಕೇಳಿದವರ ಪಾಲಿಗೆ ಅವಳು ಅಂಚೆ ಕಚೇರಿಗೆ ಹೊರಟವಳು, ರೈಲು ನಿಲ್ದಾಣ ಕೇಳಿದವರ ಪಾಲಿಗೆ ರೈಲು ನಿಲ್ದಾಣಕ್ಕೆ. ಈಜುಡುಪಿನ ಚೀಲ ಹೊತ್ತ ತರುಣಿಯೊಬ್ಬಳು ಈಜುಕೊಳ ಎಲ್ಲಿ ಎಂದು ಕೇಳಿದಾಗಲೂ, ಮೊಣಕಾಲುದ್ದ ನೀರು ಕಂಡರೆ ಹಿಂದೆ ಸರಿಯುವ ಈ ಹೆಂಗಸು, ಕೈಯಲ್ಲಿ ಈರುಳ್ಳಿ ಚೀಲ ಹಿಡಿದುಕೊಂಡೇ, "ಬನ್ನಿ ಬನ್ನಿ, ನಾನೂ ಆ ಕಡೆಗೇ ಹೊರಟಿದ್ದೆ" ಎಂದು ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಾರಿ ತೋರಿಸುವುದೆಂದರೆ ಕೈಯೆತ್ತಿ ಬೆರಳು ಚಾಚುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಅಕ್ಕ ಹಾಗೆ ತಿಳಿದಿರಲಿಲ್ಲ. ಕೇಳಿದವರಿಗೆ ಋಣದ ಭಾರ ಆಗಬಾರದೆಂದು ಈ ಸಣ್ಣ ಸುಳ್ಳನ್ನು ಅವಳು ಎಷ್ಟು ಸಹಜವಾಗಿ ಹೇಳುತ್ತಿದ್ದಳೆಂದರೆ, ಹೇಳುವಾಗ ಅದನ್ನು ತಾನೇ ನಂಬಿರುತ್ತಿದ್ದಳೋ ಏನೋ.

ನಾನು ಅವಳಿಗೆ ಗಂಟುಬಿದ್ದದ್ದೂ ಹೀಗೆಯೇ. ವಿದ್ಯಾರ್ಥಿವೇತನ ಸಿಕ್ಕಿ ಆ ದೇಶಕ್ಕೆ ಬಂದಿಳಿದ ಮೊದಲ ದಿನ, ಎರಡು ಸೂಟ್‌ಕೇಸುಗಳನ್ನು ಎಳೆದುಕೊಂಡು, ವಸತಿ ಕಚೇರಿ ಯಾವ ಕಟ್ಟಡದಲ್ಲಿದೆಯೆಂದು ತಿಳಿಯದೆ ವಿಶ್ವವಿದ್ಯಾಲಯದ ಆವರಣದಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಸುತ್ತಿ ಸುತ್ತಿ ಸಾಕಾಗಿ, ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ, "ಥೂ, ಯಾವ ಕರ್ಮಕ್ಕೆ ಬಂದ್ನೋ" ಎಂದು ಗಟ್ಟಿಯಾಗಿಯೇ ಬೈದುಕೊಂಡೆ. "ಎಲ್ಲಿಗೆ ಹೋಗ್ಬೇಕಮ್ಮ?" ಎಂದು ಹಿಂದಿನಿಂದ ಅಚ್ಚ ಕನ್ನಡದಲ್ಲಿ ಉತ್ತರ ಬಂತು. ತಿರುಗಿ ನೋಡಿದರೆ ಮೊದಲು ಕಂಡದ್ದು ಒಂದು ಕೋಟು. ಆಮೇಲೆ ಅದರೊಳಗೆ ಒಬ್ಬ ಹೆಂಗಸು, ಅವಳ ಕೈಯಲ್ಲೊಂದು ಹಾಲಿನ ಡಬ್ಬಿ. ಎರಡರಲ್ಲಿ ಹೆಚ್ಚು ಭಾರದ ಸೂಟ್‌ಕೇಸನ್ನು ಅವಳೇ ಎಳೆದುಕೊಂಡು ಮುಂದೆ ನಡೆದಳು. ಕಚೇರಿ ಮುಟ್ಟಿಸಿ ಹೋದಳೇ? ಇಲ್ಲ. ನನ್ನ ಕೈಗೆ ಬೀಗದ ಕೈ ಬರುವ ತನಕ ನಿಂತಳು, ಕೋಣೆಯ ತನಕ ಬಂದಳು, ಕಿಟಕಿ ಸರಿಯಾಗಿ ಮುಚ್ಚುವುದಿಲ್ಲವೆಂದು ಕಂಡು ನನ್ನನ್ನು ಮತ್ತೆ ಕಚೇರಿಗೆ ಕರೆದೊಯ್ದು ಕೋಣೆ ಬದಲಿ ಮಾಡಿಸಿದಳು. ಆ ಹೊತ್ತಿನಲ್ಲಿ ಅವಳು ನಿಜಕ್ಕೂ ಹೊರಟಿದ್ದದ್ದು ತನ್ನ ಮಾರ್ಗದರ್ಶಕ ಪ್ರೊಫೆಸರನ್ನು ಕಾಣಲು ಎಂಬುದೂ, ಆ ಮನುಷ್ಯ ಕಾದು ಕಾದು ಬಾಗಿಲು ಹಾಕಿಕೊಂಡು ಹೋಗಿದ್ದನೆಂಬುದೂ ನನಗೆ ಗೊತ್ತಾದದ್ದು ನಾವಿಬ್ಬರೂ ಒಂದೇ ಮನೆ ಹಿಡಿದ ಮೇಲೆ. ಮೊದಲ ವಾರ ನಾನು ಅವಳನ್ನು 'ನೀವು' ಎನ್ನುತ್ತಿದ್ದೆ. ಎರಡನೆಯ ವಾರ ಬೈಸಿಕೊಂಡು 'ನೀನು' ಎನ್ನತೊಡಗಿದೆ.

ನಮ್ಮ ವಿದ್ಯಾರ್ಥಿವೇತನದ ಗುಂಪಿನಲ್ಲಿ ಹೆಚ್ಚಿನವರು ಆಗಷ್ಟೇ ಮೀಸೆ ಚಿಗುರಿದವರು, ಜಡೆ ಕತ್ತರಿಸಿ ಸಂಭ್ರಮಪಡುತ್ತಿದ್ದವರು; ಮನೆ ಮಠದ ಗೊಡವೆ ಇಲ್ಲದವರು. ಅಕ್ಕ ಹಾಗಲ್ಲ. ಊರಿನ ಪಾಲಿಟೆಕ್ನಿಕ್ಕಿನಲ್ಲಿ ಹತ್ತಾರು ವರ್ಷ ಸಿವಿಲ್ ವಿಭಾಗದ ಹುಡುಗರಿಗೆ ಪಾಠ ಹೇಳಿ, ಅಲ್ಲೇ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಗಂಡನನ್ನೂ, ಪ್ರೌಢಶಾಲೆಗೆ ಕಾಲಿಟ್ಟ ಮಗಳನ್ನೂ, ಅತ್ತೆಯನ್ನೂ ಬಿಟ್ಟು ಬಂದವಳು. ಅಡುಗೆಮನೆಯಿಂದ ನಿವೃತ್ತಿ ಪಡೆದು ಟೀವಿಯ ಮುಂದೆ ಹಾಯಾಗಿದ್ದ ಆ ಅತ್ತೆ, ಸೊಸೆಗೆ ವಿದ್ಯಾರ್ಥಿವೇತನ ಸಿಕ್ಕಿದ ಸುದ್ದಿ ಬಂದ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಒಲೆಯ ಮುಂದೆ ನಿಂತರಂತೆ. "ಹೋಗಿ ಓದ್ಕೊಂಡು ಬಾ, ಮನೆ ನಾನು ನೋಡ್ಕೋತೀನಿ. ಅರ್ಧಕ್ಕೆ ಬಿಟ್ಟು ಮಾತ್ರ ಬರಬೇಡ" ಎಂದು ಅವರು ಹೇಳಿದ್ದರು. ಅಕ್ಕನಿಗೆ ಲೋಕದಲ್ಲಿ ಒಂದೇ ಒಂದು ಭಯವಿದ್ದರೆ ಅದು ಅರ್ಧಕ್ಕೆ ಬಿಟ್ಟು ಹೋಗಿ ಆ ಅತ್ತೆಯ ಮುಖ ನೋಡಬೇಕಾದೀತೆಂಬ ಭಯ. ಅದಕ್ಕೆ ಕಾರಣವೂ ಇತ್ತು. ನಮ್ಮ ವಿದ್ಯಾರ್ಥಿವೇತನ ವರ್ಷ ವರ್ಷವೂ ನವೀಕರಣವಾಗಬೇಕು. ಆಗಬೇಕಾದರೆ ಓದು ಸರಿಯಾಗಿ ನಡೆದಿರಬೇಕು, ಅದರ ಜೊತೆಗೆ ವಾರಕ್ಕೊಂದು ಮಧ್ಯಾಹ್ನ ಆ ಪಟ್ಟಣದ ಯಾವುದಾದರೂ ಸಂಸ್ಥೆಯಲ್ಲಿ ಸಂಬಳವಿಲ್ಲದ ಸೇವೆ ಮಾಡಿ, ವರ್ಷದ ಕೊನೆಗೆ ಅಲ್ಲಿಯ ಮೇಲ್ವಿಚಾರಕರಿಂದ 'ತೃಪ್ತಿಕರ' ಅನ್ನಿಸಿಕೊಳ್ಳಬೇಕು. ಓದಿನಲ್ಲಿ ಅವಳು ಗಟ್ಟಿಗಿತ್ತಿ. ಎಡವಟ್ಟಾದದ್ದು ಸೇವೆಯಲ್ಲಿ, ಅದೂ ಸೇವೆ ಹೆಚ್ಚಾಗಿ.

ಅವಳ ಕೋಟಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹಳೆಯ ಬಟ್ಟೆಗಳ ಅಂಗಡಿಯೊಂದರಲ್ಲಿ ಕೊಂಡ, ಯಾವನೋ ಆಜಾನುಬಾಹು ಗಂಡಸು ತೊಟ್ಟು ಬಿಟ್ಟ ಕಂದು ಬಣ್ಣದ ಉಣ್ಣೆಯ ಕೋಟು ಅದು. ಅವಳ ಪಾದದ ಗಂಟನ್ನು ಮುಟ್ಟುತ್ತಿತ್ತು, ತೋಳುಗಳನ್ನು ಮಡಿಚಿ ಮಡಿಚಿ ಮಣಿಕಟ್ಟಿನ ಹತ್ತಿರ ಎರಡು ಸಿಂಬಿಗಳಾಗಿದ್ದವು. ಕತ್ತರಿಸಿ ಸರಿಮಾಡಿಸಿಕೋ ಎಂದರೆ, "ನಾನು ಇನ್ನೆಷ್ಟು ದಿನ ಹಾಕ್ತೀನಿ? ಮುಂದೆ ಹಾಕೋರು ಉದ್ದ ಇದ್ರೆ?" ಎಂದು ಕೇಳುತ್ತಿದ್ದಳು. ಇನ್ನೂ ಹುಟ್ಟದ ಆ ಉದ್ದನೆಯ ಮನುಷ್ಯನ ಚಿಂತೆಯಲ್ಲಿ ಇಡೀ ಒಂದು ಚಳಿಗಾಲ ಕಳೆದಳು. ಆ ಕೋಟಿನಲ್ಲಿ ಅವಳ ನಡಿಗೆ ನೋಡಬೇಕು: ಯಾರನ್ನಾದರೂ ಕರೆದೊಯ್ಯುವಾಗ ಅವಳು ಅವರ ಮುಂದೆಯೂ ಅಲ್ಲ, ಪಕ್ಕದಲ್ಲೂ ಅಲ್ಲ, ಅರ್ಧ ಹೆಜ್ಜೆ ಮುಂದೆ ಓರೆಯಾಗಿ, ಮುಖವನ್ನು ಅವರ ಕಡೆಗೂ ಕಾಲನ್ನು ದಾರಿಯ ಕಡೆಗೂ ತಿರುಗಿಸಿ, ಮದುವೆಮನೆಯಲ್ಲಿ ಬೀಗರನ್ನು ಊಟದ ಪಂಕ್ತಿಗೆ ಕರೆದೊಯ್ಯುವವರ ಹಾಗೆ ನಡೆಯುತ್ತಿದ್ದಳು. ಹಾಗೆ ನಡೆದು ಎಷ್ಟು ಕಂಬಗಳಿಗೆ ಢಿಕ್ಕಿ ಹೊಡೆದಿದ್ದಾಳೋ ಭಗವಂತನೇ ಬಲ್ಲ. ಹೊಡೆದ ಮೇಲೆ ಕಂಬದ ಕಡೆ ತಿರುಗಿ, ಭುಜ ಉಜ್ಜಿಕೊಳ್ಳುತ್ತ, ಅದರಲ್ಲಿ ಬಿರುಕಿದೆಯೇ ಎಂದು ನೋಡುತ್ತಿದ್ದಳು.

ಏಕೆಂದರೆ ಅವಳ ಸಂಶೋಧನೆಯ ವಿಷಯ ಬಿರುಕು. ಕಾಂಕ್ರೀಟಿನ ತೊಲೆಗಳನ್ನು ಎರಕ ಹೊಯ್ದು, ಒಣಗಿಸಿ, ಅವುಗಳ ಮೇಲೆ ಭಾರ ಹೇರಿ, ಎಲ್ಲಿ ಬಿರಿಯುತ್ತದೆ, ಎಷ್ಟಗಲ ಬಿರಿಯುತ್ತದೆ ಎಂದು ಅಳೆಯುವುದು ಅವಳ ಕೆಲಸ. ಕೋಟಿನ ಜೇಬಿನಲ್ಲಿ ಸದಾ ಒಂದು ಪಾರದರ್ಶಕ ಪಟ್ಟಿ ಇರುತ್ತಿತ್ತು. ಅದರ ಮೇಲಿನ ಗೆರೆಗಳನ್ನು ಬಿರುಕಿನ ಪಕ್ಕಕ್ಕೆ ಹಿಡಿದರೆ ಅದರ ಅಗಲ ತಿಳಿಯುತ್ತದೆ. ದಾರಿಯಲ್ಲಿ ಹೋಗುತ್ತ ಹೋಗುತ್ತ ಯಾರದ್ದೋ ಮನೆಯ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಳೆಯತೊಡಗಿದರೆ, ಮನೆಯವರು ಕಿಟಕಿಯ ಪರದೆ ಸರಿಸಿ ನೋಡುವುದು, ನಾನು ಆಕಾಶ ನೋಡುವುದು, ಇವಳು ಎದ್ದು ಕೈಮುಗಿದು "ಹೆದರಬೇಡಿ, ಬರೀ ಗಾರೆ ಬಿರುಕು" ಎಂದು ಅಭಯ ಕೊಡುವುದು, ಎಲ್ಲ ನಡೆದಿದೆ. ಅವಳಿಗೆ ಊರಿನ ಗುರುತು ಇದ್ದದ್ದೂ ಬಿರುಕುಗಳಿಂದಲೇ, ಬೀದಿಯ ಹೆಸರುಗಳಿಂದಲ್ಲ. ಬಾಯಲ್ಲಿ ದಾರಿ ಹೇಳು ಎಂದರೆ, "ಗಾರೆ ಸೀಳಿದೆಯಲ್ಲ ಮೂಲೆ, ಅಲ್ಲಿ ಎಡಕ್ಕೆ, ಮುಂದೆ ಕಿಟಕಿ ಸಜ್ಜಾ ಕೆಳಗೆ ತುಕ್ಕು ಇಳಿದಿದೆಯಲ್ಲ, ಅಲ್ಲಿ ಬಲಕ್ಕೆ" ಎನ್ನುತ್ತಿದ್ದಳು. ಇಂಥವಳು ಬೆರಳು ತೋರಿಸಿ ಕಳಿಸುವುದಕ್ಕಿಂತ ಜೊತೆಗೆ ಹೋಗುವುದೇ ಕೇಳಿದವರಿಗೂ ಕ್ಷೇಮ.

ಹೀಗಿರುವವಳಿಗೆ ಸೇವೆ ಎಂದು ಸಿಕ್ಕಿದ್ದು ಯಾವ ಕೆಲಸ? ಆಸ್ಪತ್ರೆಯ ಬಾಗಿಲಲ್ಲಿ ಕೂತು ದಾರಿ ಹೇಳುವ ಕೆಲಸ.

ಆ ಆಸ್ಪತ್ರೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಬೇಕಾದಾಗಲೆಲ್ಲ ಒಂದೊಂದು ಕಟ್ಟಡ ಸೇರಿಸುತ್ತ ಬೆಳೆದದ್ದು. ಒಂದು ಕಟ್ಟಡದ ಎರಡನೆಯ ಅಂತಸ್ತಿನಿಂದ ಸೇತುವೆ ದಾಟಿದರೆ ಇನ್ನೊಂದು ಕಟ್ಟಡದ ಮೂರನೆಯ ಅಂತಸ್ತು ಬರುತ್ತಿತ್ತು. ಕಣ್ಣಿನ ವಿಭಾಗಕ್ಕೆ ಹೋಗಲು ಮೂಳೆಯ ವಿಭಾಗವನ್ನು ಹಾಯ್ದು ಹೋಗಬೇಕಿತ್ತು. ಅದಕ್ಕೇ ಮುಂಬಾಗಿಲಲ್ಲಿ ಒಂದು ಮೇಜು, ಮೇಜಿನ ಗಾಜಿನಡಿ ಒಂದು ದೊಡ್ಡ ನಕ್ಷೆ, ಹಿಂದೆ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಸ್ವಯಂಸೇವಕರು. ಈ ಸ್ವಯಂಸೇವಕರನ್ನೆಲ್ಲ ಆಳುತ್ತಿದ್ದವರು ಬಾಲಕಿಯರ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ತೂಗುಬಿಟ್ಟ, ಬೆನ್ನು ನೆಟ್ಟಗಿನ ವೃದ್ಧೆ. ನಾವು ಅವರನ್ನು ಹೆಡ್‌ಮಿಸ್ ಎನ್ನುತ್ತಿದ್ದೆವು. ಅವರ ಕಾನೂನು ಒಂದೇ: ಕುರ್ಚಿ ಖಾಲಿ ಇರಬಾರದು. ದಾರಿ ಹೇಳಿ, ನಕ್ಷೆಯಲ್ಲಿ ತೋರಿಸಿ, ಕಳಿಸಿ, ಮುಂದಿನವರನ್ನು ಕರೆಯಿರಿ.

ಮೊದಲ ಮಧ್ಯಾಹ್ನವೇ ಹೂಗುಚ್ಛ ಹಿಡಿದು ಬಂದ ತರುಣನೊಬ್ಬ ಹೆರಿಗೆ ವಾರ್ಡು ಎಲ್ಲಿ ಎಂದು ಕೇಳಿದ. ಅಕ್ಕ ಅವನ ಜೊತೆ ಹೋದವಳು ಮಗುವನ್ನು ಎತ್ತಿಕೊಂಡು, ಬಾಣಂತಿಯನ್ನು ಮಾತಾಡಿಸಿ, ಬಹಳ ಹೊತ್ತಿನ ಮೇಲೆ ತಿರುಗಿ ಬಂದಾಗ ಅವಳ ಕುರ್ಚಿಯಲ್ಲಿ ತುಟಿ ಬಿಗಿದು ಹೆಡ್‌ಮಿಸ್ ಕೂತಿದ್ದರು. "ಮಗು ಅಪ್ಪನ ಪಡಿಯಚ್ಚು ಮೇಡಂ" ಎಂದು ಇವಳು ವರದಿ ಒಪ್ಪಿಸಿದಳು. ಅದು ಮೊದಲ ಎಚ್ಚರಿಕೆ. ಮುಂದೊಂದು ದಿನ ತಪಾಸಣೆಯ ಫಲಿತಾಂಶ ಕೇಳಲು ಒಬ್ಬಳೇ ಬಂದಿದ್ದ ಹೆಂಗಸಿನ ಜೊತೆ ಹೋಗಿ, ಅವಳ ಸರದಿ ಬರುವ ತನಕ ಪಕ್ಕದಲ್ಲಿ ಕೂತು, ಏನೂ ತೊಂದರೆಯಿಲ್ಲವೆಂದು ಗೊತ್ತಾದ ಮೇಲೆ ಅವಳನ್ನು ಬಸ್ಸು ಹತ್ತಿಸಿ ಬಂದಳು. ಅದು ಎರಡನೆಯದು.

"ನೀವು ಒಬ್ಬರನ್ನ ಬಿಟ್ಟು ಬರೋ ಹೊತ್ತಿಗೆ ಇಲ್ಲಿ ಎಷ್ಟು ಜನ ನಿಂತಿರ್ತಾರೆ, ಯೋಚನೆ ಮಾಡಿದ್ದೀರಾ?" ಎಂದರು ಹೆಡ್‌ಮಿಸ್. "ಅವರೇನು ಮನುಷ್ಯರಲ್ವಾ?"

ಅಕ್ಕ ಅಂದು ಮನೆಗೆ ಬಂದು, ಕೋಟು ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಆ ಮಾತನ್ನು ನನಗೆ ಒಪ್ಪಿಸಿದಳು. ನಾನು ಹೆಡ್‌ಮಿಸ್‌ರನ್ನು ಎರಡು ಮಾತು ಬೈದು ಸಮಾಧಾನ ಮಾಡಲು ನೋಡಿದರೆ, ನನ್ನ ಮೇಲೇ ತಿರುಗಿಬಿದ್ದಳು. "ಅವರು ಹೇಳೋದು ಸರಿ ಕಣೇ. ನಿಂತಿರೋರಿಗೂ ಕಷ್ಟಾನೇ ಅಲ್ವಾ. ತಲೆಗೆ ಗೊತ್ತಾಗತ್ತೆ, ಕಾಲು ಕೇಳಲ್ಲ." ಹೀಗೆ ತನ್ನನ್ನು ಬೈದವರ ಪಕ್ಷ ವಹಿಸಿ ವಾದ ಮಾಡುವವರನ್ನು ಕಟ್ಟಿಕೊಂಡು ಬಾಳುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು.

ಮೂರನೆಯದು ವರ್ಷ ಮುಗಿಯಲು ಸ್ವಲ್ಪವೇ ದಿನ ಇರುವಾಗ ಬಂತು. ಒಂಟಿಯಾಗಿದ್ದ ಒಬ್ಬ ಮುದುಕರು, ಮೊದಲು ದರ್ಜಿಯಾಗಿದ್ದವರು, ಕಣ್ಣಿನ ಪೊರೆ ತೆಗೆಸಲು ಬಂದರು. ಮಬ್ಬುಗಣ್ಣಿನಲ್ಲಿ ನಕ್ಷೆಯನ್ನು ತಡವರಿಸುವ ಮನುಷ್ಯನಿಗೆ ಬೆರಳು ತೋರಿಸಿ ಏನು ಪ್ರಯೋಜನ ಎಂದು ಅಕ್ಕ ಎದ್ದಳು. ಅಲ್ಲಿಯ ತನಕ ನಾನೂ ಒಪ್ಪುತ್ತೇನೆ. ಕಣ್ಣಿನ ವಿಭಾಗದಲ್ಲಿ ನರ್ಸು ಮುದುಕರನ್ನು ಕೇಳಿದಳು: ಶಸ್ತ್ರಚಿಕಿತ್ಸೆ ಆದ ಮೇಲೆ ಮನೆಗೆ ಕರೆದುಕೊಂಡು ಹೋಗಿ ಬೆಳಗಿನ ತನಕ ಜೊತೆಗಿರುವವರು ಯಾರು? ಬರಬೇಕಾಗಿದ್ದ ಪಕ್ಕದ ಮನೆಯಾಕೆ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿದ್ದಳಂತೆ. ಯಾರೂ ಇಲ್ಲದಿದ್ದರೆ ಇವತ್ತು ಮಾಡುವಂತಿಲ್ಲ, ಮುಂದಿನ ಸರದಿ ಬರಲು ತಿಂಗಳುಗಳೇ ಹಿಡಿಯುತ್ತವೆ ಎಂದಳು ನರ್ಸು. "ಪರವಾಗಿಲ್ಲಮ್ಮ, ಇನ್ನೊಂದ್ಸಲ ಬರ್ತೀನಿ" ಎಂದು ಮುದುಕರು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಎದ್ದರು.

"ಯಾರೂ ಇಲ್ಲ ಅಂದ್ರೆ?" ಎಂದಳು ಅಕ್ಕ. "ನಾನಿದ್ದೀನಲ್ಲ."

"ನೀವು ಇವರಿಗೆ ಏನಾಗಬೇಕು?"

"ಜೊತೆಗೆ ಬಂದಿದ್ದೀನಿ."

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಆ ಉತ್ತರ ಸಾಕು. ರೋಗಿಯ ಕಡೆಯವರು ಯಾರು ಎಂದು ಕೂಗಿದಾಗ, ಪಕ್ಕದ ಮಂಚದ ರೋಗಿಯ ಅಳಿಯ ಎದ್ದುಹೋಗಿ ಔಷಧಿ ತರುವುದುಂಟು. ಯಾರೂ ಅವನ ವಂಶವೃಕ್ಷ ಕೇಳುವುದಿಲ್ಲ. ಅಕ್ಕನ ಎದೆಯ ಮೇಲಿನ ಸ್ವಯಂಸೇವಕಿಯ ಬಿಲ್ಲೆ ಆ ಮಹಾಕೋಟಿನ ಮಡಿಕೆಯಲ್ಲಿ ಮುಚ್ಚಿಹೋಗಿತ್ತು. ನರ್ಸು ಇವಳನ್ನು ಸೊಸೆಯೆಂದುಕೊಂಡಳು. ರೋಗಿಯ ಮನೆಗೆ ಸ್ವಯಂಸೇವಕರು ಕಾಲಿಡಬಾರದೆಂಬ ಇನ್ನೊಂದು ನಿಯಮ ಇವಳಿಗೆ ನೆನಪೇ ಆಗಲಿಲ್ಲ. ಮುದುಕರು ಒಳಗೆ ಹೋದರು. ಅಕ್ಕ ನನಗೆ ಫೋನು ಮಾಡಿದಳು.

"ಹಲ್ಲುಜ್ಜೋ ಬ್ರಶ್ಶು, ನನ್ನ ಶಾಲು ತಗೊಂಡು ಬಾ ಕಣೇ. ಇವತ್ತು ಒಬ್ಬರ ಮನೇಲಿ ಉಳ್ಕೋಬೇಕು. ನೀನೂ ಇರ್ಬೇಕು, ನಾನೊಬ್ಬಳೇ ಅಂದ್ರೆ ಅವರಿಗೂ ಸಂಕೋಚ."

"ಯಾರ ಮನೇಲಿ?"

"ಹೆಸರು ಕೇಳೋಕೆ ಮರೆತೆ."

ದರ್ಜಿಯ ಮನೆ ನೆಲಮಟ್ಟದಲ್ಲಿತ್ತು. ಬೀದಿಯ ಕಡೆಯ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಎದುರಾಗಿ ಹೊಲಿಗೆಯಂತ್ರ, ಗೋಡೆಗೆ ತೂಗುಹಾಕಿದ ಕತ್ತರಿಗಳು, ಮೂಲೆಯಲ್ಲಿ ತಲೆಯಿಲ್ಲದ ಒಂದು ಬಟ್ಟೆಯ ಗೊಂಬೆ. ಮುದುಕರು ಮನೆಗೆ ಬಂದವರೇ ಟೋಪಿ ತೆಗೆದು ಆ ಗೊಂಬೆಯ ಕತ್ತಿನ ಮೇಲಿಟ್ಟರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ, ಮನೆಗೆ ಬಂದವರಿಗೆ ತಾನೇ ಟೀ ಮಾಡಬೇಕೆಂದು ಹಟಹಿಡಿದರು. "ನೀವು ಕೂತ್ಕೊಳ್ಳಿ ಅಜ್ಜ" ಎಂದು ಅಕ್ಕ, "ಅದು ಹೇಗಾಗತ್ತೆ, ನೀವು ಮೊದಲನೇ ಸಲ ಬಂದಿರೋದು" ಎಂದು ಅವರು. ಒಲೆಯ ಮುಂದೆ ಇಬ್ಬರೂ ಜಗಳವಾಡಿ ಕೊನೆಗೆ ಟೀ ಮಾಡಿದ್ದು ನಾನು. ಕುಡಿಯುತ್ತ ಕುಡಿಯುತ್ತ ಅವರು ಅಕ್ಕನ ತೋಳಿನ ಸಿಂಬಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. "ಈ ಕೋಟು ನಿಮ್ಮದಲ್ಲ." "ಅಲ್ಲ, ಅಂಗಡೀದು." "ಕಣ್ಣು ಬಿಡಲಿ, ಸರಿಮಾಡಿ ಕೊಡ್ತೀನಿ." ಅಕ್ಕ ತನ್ನ ಉದ್ದನೆಯ ಮನುಷ್ಯನ ಕಥೆ ಹೇಳಿದಳು. ಮುದುಕರು ನಗಲಿಲ್ಲ. ಆ ಪ್ರಶ್ನೆ ಅವರಿಗೆ ಬಹಳ ನ್ಯಾಯವಾಗಿಯೇ ಕಂಡಂತಿತ್ತು. ಬಟ್ಟೆ ಕತ್ತರಿಸದೆ ಒಳಗೆ ಮಡಿಚಿ ಉದ್ದ ಹೊಲಿಗೆ ಹಾಕಿದರೆ, ಬೇಕಾದವರು ಮುಂದೆ ದಾರ ಎಳೆದು ಬಿಡಿಸಿಕೊಳ್ಳಬಹುದು ಎಂದು ಅವರು ಯೋಚಿಸಿ ಹೇಳಿದರು. ಇಬ್ಬರ ಮುಖದಲ್ಲೂ ಒಂದು ದೊಡ್ಡ ವ್ಯಾಜ್ಯ ಬಗೆಹರಿದ ನಿರಾಳ.

"ಅಕ್ಕ, ಅಲ್ಲಿ ಕುರ್ಚಿ?" ಎಂದು ನಾನು ಆಗ ಕೇಳಿದೆ.

ಅವಳ ಕೈಯಲ್ಲಿದ್ದ ಬಟ್ಟಲು ನಡುವೆಯೇ ನಿಂತಿತು. "ಅಯ್ಯೋ ದೇವರೇ" ಎಂದಳು. ಕುರ್ಚಿಯೆಂಬುದೊಂದು ಇದೆಯೆಂದು ಅವಳಿಗೆ ಮಧ್ಯಾಹ್ನದಿಂದ ಹೊಳೆದೇ ಇರಲಿಲ್ಲ.

ಮರುದಿನ ಮುದುಕರ ಕಣ್ಣಿಗೆ ಔಷಧಿಯ ಹನಿ ಹಾಕಿ, ಕುಂಟುತ್ತ ಬಂದ ಪಕ್ಕದ ಮನೆಯಾಕೆಗೆ ಅವರನ್ನು ಒಪ್ಪಿಸಿ, ನಾವು ನೇರವಾಗಿ ಆಸ್ಪತ್ರೆಗೆ ಹೋದೆವು. ಉಗ್ರಾಣದ ಪಕ್ಕದ ಸಣ್ಣ ಕೋಣೆಯಲ್ಲಿ, ಮಡಿಚಿಟ್ಟ ಗಾಲಿಕುರ್ಚಿಗಳ ನಡುವೆ ಹೆಡ್‌ಮಿಸ್ ಕೂತಿದ್ದರು. ಅವರಿಗೆ ವಿಷಯ ಆಗಲೇ ಮುಟ್ಟಿತ್ತು, ಆದರೂ ಅವರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

"ನೀವು ಮಾಡಿದ್ದು ಕೆಟ್ಟ ಕೆಲಸ ಅಂತ ನಾನು ಹೇಳಲ್ಲ," ಎಂದರು. "ಆದರೆ ನಿನ್ನೆ ಒಬ್ಬರು ತಾಯಿ, ಜ್ವರದ ಮಗು ಎತ್ಕೊಂಡು ಬಂದಿದ್ದಾರೆ. ಕುರ್ಚೀಲಿ ಯಾರೂ ಇಲ್ಲ. ತಪ್ಪು ಕಟ್ಟಡಕ್ಕೆ ಹೋಗಿ, ಸರದಿ ತಪ್ಪಿಸ್ಕೊಂಡು, ಅಳ್ತಾ ಬಂದರು. ಅವರಿಗೆ ನಾನೇನು ಹೇಳಲಿ?"

ಅಕ್ಕನ ಮುಖ ಇಷ್ಟೇ ಇಷ್ಟಾಯಿತು. ತನ್ನ ವಿದ್ಯಾರ್ಥಿವೇತನಕ್ಕೆ ಕುತ್ತು ಬಂದಿದೆ ಎಂದು ಅವಳಿಗೆ ಆ ಕ್ಷಣದಲ್ಲಿ ಅನ್ನಿಸಲೇ ಇಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ. "ಆ ತಾಯಿ ಮನೆ ಎಲ್ಲಿ ಮೇಡಂ?" ಎಂದು ಕೇಳಿದಳು.

"ಮನೆಗೆ ಹೋಗೋದು ಬೇಡ!" ಎಂದು ಹೆಡ್‌ಮಿಸ್ ಮೇಜು ಕುಟ್ಟಿದರು. "ಮಗೂನ ಡಾಕ್ಟರು ಆಮೇಲೆ ನೋಡಿದ್ದಾರೆ, ಜ್ವರ ಇಳಿದಿದೆ" ಎಂದರು. ಆಮೇಲೆ ಕನ್ನಡಕ ತೆಗೆದು ಕೊರಳಿಗೆ ಬಿಟ್ಟು, ಸ್ವಲ್ಪ ಮೆತ್ತಗಾಗಿ, "ಇದನ್ನೆಲ್ಲ ನೋಡ್ಕೊಂಡು ತೃಪ್ತಿಕರ ಅಂತ ಹೇಗೆ ಹೇಳಲಿ? ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ" ಎಂದರು.

ಬಾಯಿ ಬಿಟ್ಟದ್ದು ನಾನು. ಒಲೆಯ ಮುಂದೆ ಮತ್ತೆ ನಿಂತ ಅತ್ತೆಯ ವಿಷಯ, ಅರ್ಧಕ್ಕೆ ಬಿಟ್ಟು ಬರಬೇಡವೆಂದ ಮಾತು, ಇನ್ನೂ ಎರಡು ವರ್ಷದ ಓದು, ಪ್ರಯೋಗಶಾಲೆಯಲ್ಲಿ ಎರಕ ಹೊಯ್ದು ಒಣಗುತ್ತಿದ್ದ ತೊಲೆಗಳು, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟೆ. ಅಕ್ಕ ನನ್ನ ಕಾಲು ತುಳಿಯುತ್ತಲೇ ಇದ್ದಳು. ಹೆಡ್‌ಮಿಸ್ ಪೂರ್ತಿ ಕೇಳಿಸಿಕೊಂಡರು. "ಮುಂದಿನ ವಾರ ನಾನು ಪಕ್ಕದಲ್ಲೇ ಕೂತಿರ್ತೀನಿ. ಒಂದೇ ಒಂದು ಮಧ್ಯಾಹ್ನ ಕುರ್ಚಿ ಬಿಟ್ಟು ಏಳದೆ ಕೆಲಸ ಮಾಡಿ ತೋರಿಸಿ. ಆಮೇಲೆ ನೋಡೋಣ" ಎಂದರು.

ಆ ವಾರ ನಮ್ಮ ಮನೆಯಲ್ಲಿ ನಡೆದ ತಾಲೀಮನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುವುದು. ನಾನು ಬಾಗಿಲಿನಿಂದ ಬಂದು ಹೊಟ್ಟೆ ಹಿಡಿದುಕೊಂಡು ದಾರಿ ಕೇಳುವುದು. ಬಿರುಕು, ತುಕ್ಕುಗಳನ್ನೆಲ್ಲ ಮರೆತು, ಫಲಕಗಳ ಬಣ್ಣವನ್ನೂ ಅಕ್ಷರಗಳನ್ನೂ ಅವಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದಳು. ಮೊದಮೊದಲು ಎರಡನೆಯ ಪ್ರಶ್ನೆಗೇ ಎದ್ದು ನನ್ನ ಕೈಹಿಡಿದು ಬಚ್ಚಲಮನೆಯ ಬಾಗಿಲ ತನಕ ಬಿಟ್ಟು ಬರುತ್ತಿದ್ದಳು. ವಾರದ ಕೊನೆಗೆ ನಾನು ನೆಲಕ್ಕೆ ಬಿದ್ದು ಹೊರಳಾಡಿ ಕೇಳಿದರೂ ಕೂತಲ್ಲಿಂದಲೇ "ನೀಲಿ ಫಲಕ ನೋಡಿ, ಲಿಫ್ಟಿನಲ್ಲಿ ಮೇಲಕ್ಕೆ ಹೋಗಿ" ಎನ್ನುವಷ್ಟು ಪಳಗಿದಳು. ಪಳಗಿದವಳ ಮುಖ ನೋಡಿ ನನಗೆ ಯಾಕೋ ಖುಷಿಯಾಗಲಿಲ್ಲ.

ಆ ದಿನ ನಾನು ತರಗತಿ ತಪ್ಪಿಸಿ, ಮೇಜಿನ ಎದುರಿನ ಬೆಂಚಿನ ಮೇಲೆ, ಪುಸ್ತಕ ತೆರೆದು ಯಾರನ್ನೋ ಕಾಯುವವಳ ಹಾಗೆ ಕೂತಿದ್ದೆ. ಅಕ್ಕ ಕೋಟು ಕಳಚಿ, ಬಿಲ್ಲೆ ಎದ್ದು ಕಾಣುವಂತೆ ಚುಚ್ಚಿಕೊಂಡು ಕುರ್ಚಿಯಲ್ಲಿ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಹೆಡ್‌ಮಿಸ್. ಮಧ್ಯಾಹ್ನದ ಬಹುಪಾಲು ಎಲ್ಲ ಸುಸೂತ್ರವಾಗಿಯೇ ನಡೆಯಿತು. ಜನ ಬಂದರು, ಕೇಳಿದರು, ಹೋದರು. ಸಾಲು ಎಂದೂ ಬೆಳೆಯಲಿಲ್ಲ. ಹೆಡ್‌ಮಿಸ್ ಒಂದೆರಡು ಸಲ ತಲೆಯಾಡಿಸಿದ್ದೂ ಕಂಡಿತು.

ಆಮೇಲೆ ಒಬ್ಬ ಮನುಷ್ಯ ಬಂದ. ಬಣ್ಣ ಬಳಿಯುವ ಕೆಲಸದವನಿರಬೇಕು. ಅಂಗಿಯ ತೋಳಿನಲ್ಲಿ, ಕಿವಿಯ ಮೇಲೆ ಬಿಳಿಯ ಬಣ್ಣ ಹಸಿಯಾಗಿತ್ತು, ಕುಂಚ ಕೆಳಗಿಟ್ಟು ಓಡಿಬಂದವನ ಹಾಗಿದ್ದ. ತೀವ್ರ ನಿಗಾ ಘಟಕ ಎಲ್ಲಿ, ಹೆಂಡತಿಯನ್ನು ಅಲ್ಲಿಗೆ ತಂದಿದ್ದಾರಂತೆ ಎಂದ. ಅಕ್ಕ ಹೇಳಿದಳು. ಅವನು ತಲೆಯಾಡಿಸಿ ನೇರ ವಿರುದ್ಧ ದಿಕ್ಕಿಗೆ ಹೋದ. ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ಅಕ್ಕ ನಕ್ಷೆಯ ಮೇಲೆ ಪೆನ್ಸಿಲು ಹಿಡಿದು ಮೆಲ್ಲಗೆ ಇನ್ನೊಮ್ಮೆ ಹೇಳಿದಳು. ಅವನು ಮತ್ತೆ ತಲೆಯಾಡಿಸಿದ, ಆದರೆ ಹೋಗಲಿಲ್ಲ; ಯಾವ ಕಾರಿಡಾರಿನ ಕಡೆಗೂ ನೋಡದೆ ಸುಮ್ಮನೆ ತನ್ನ ಕೈಯ ಬಣ್ಣವನ್ನು ನೋಡುತ್ತ ನಿಂತುಬಿಟ್ಟ. ಅವನ ಕಿವಿಗೆ ಏನೂ ಬೀಳುತ್ತಿಲ್ಲವೆಂದು ಬೆಂಚಿನ ಮೇಲಿದ್ದ ನನಗೂ ಗೊತ್ತಾಯಿತು.

ಅಕ್ಕ ಏಳಲಿಲ್ಲ. ಎರಡೂ ಕೈಯಲ್ಲಿ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದಿದ್ದಳು. ಮೇಜಿನ ಕೆಳಗೆ ಅವಳ ಕಾಲುಗಳು ಬೇರೆ ಯಾರದ್ದೋ ಎನ್ನುವ ಹಾಗೆ ನೆಲವನ್ನು ತಡವುತ್ತಿದ್ದವು. ಮೂರನೆಯ ಸಲ ಹೇಳತೊಡಗಿದಳು: "ಹಸಿರು ಫಲಕ ನೋಡಿ... ಅಲ್ಲಿಂದ ಎಡಕ್ಕೆ..." ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ಆದರೂ ಏಳಲಿಲ್ಲ. ಅವಳ ಕಾಲನ್ನು ಕುರ್ಚಿಗೆ ಕಟ್ಟಿಹಾಕಿದ್ದು ಹೆಡ್‌ಮಿಸ್ ಅಲ್ಲ, ಸಾವಿರಾರು ಮೈಲಿ ದೂರದಲ್ಲಿ ಇವಳಿಗೋಸ್ಕರ ಒಲೆಯ ಮುಂದೆ ನಿಂತಿದ್ದ ಒಬ್ಬ ಮುದುಕಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ, ಎದ್ದೇಳೇ ತಾಯಿ, ಹಾಳಾಗಿ ಹೋಗಲಿ ಎಲ್ಲ, ಎಂದು ಕಿರುಚಬೇಕೆನ್ನಿಸಿತು.

ಕಿರುಚಿದ್ದು ಹೆಡ್‌ಮಿಸ್. "ಏನಮ್ಮ ನೋಡ್ತಾ ಕೂತಿದ್ದೀರಿ? ಏಳಿ! ಅವರ ಜೊತೆ ಹೋಗಿ!"

ಅಕ್ಕನಿಗೆ ಅರ್ಥವಾಗಲಿಲ್ಲ. "ಕುರ್ಚಿ, ಮೇಡಂ?" ಎಂದಳು.

ಹೆಡ್‌ಮಿಸ್ ಕನ್ನಡಕ ಏರಿಸಿ ಸುತ್ತ ನೋಡಿದರು. ನೋಟ ನನ್ನ ಮೇಲೆ ಬಂದು ನಿಂತಿತು. ಮೂವತ್ತು ವರ್ಷಗಳ ಕಾಲ ತರಗತಿಯ ಹಿಂದಿನ ಬೆಂಚಿನವರನ್ನು ಪತ್ತೆಹಚ್ಚಿ ಪಳಗಿದ ನೋಟ ಅದು. "ಅಲ್ಲಿ ಕೂತು ಪುಸ್ತಕ ಓದೋ ನಾಟಕ ಮಾಡ್ತಿದ್ದೀರಲ್ಲ, ನೀವೇ. ಬನ್ನಿ ಇಲ್ಲಿ, ಕೂತ್ಕೊಳ್ಳಿ!"

ನಾನು ಕೂತೆ. ಅಕ್ಕ ಎದ್ದು, ಮೇಜನ್ನು ಸುತ್ತಿ ಬಂದು, ಆ ಮನುಷ್ಯನ ಬಣ್ಣದ ತೋಳನ್ನು ಮೆಲ್ಲಗೆ ಮುಟ್ಟಿದಳು, ಇಬ್ಬರೂ ನಡೆದರು. ಅಂದು ಅವಳು 'ನಾನೂ ಆ ಕಡೆಗೇ' ಎಂಬ ಸುಳ್ಳನ್ನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ತಿರುಗಿ ಬಂದಾಗ ಹೆಡ್‌ಮಿಸ್, "ಏನಂತೆ?" ಎಂದರು. "ಹೆಂಡತಿ ಉಸಿರಾಡ್ತಿದ್ದಾರಂತೆ ಮೇಡಂ. ಅವರ ತಮ್ಮ ಬಂದರು, ಬಿಟ್ಟು ಬಂದೆ." ಹೆಡ್‌ಮಿಸ್ ಎದ್ದು, ತಮ್ಮ ಹೆಚ್ಚಿನ ಕುರ್ಚಿಯನ್ನು ತಾವೇ ಎತ್ತಿಕೊಂಡು ಕೋಣೆಯ ಕಡೆ ಹೊರಟವರು, ನಿಂತು ಹೇಳಿದರು: "ಕುರ್ಚಿ ಖಾಲಿ ಇರಬಾರದು ಅನ್ನೋದು ನಿಯಮ. ಯಾರು ಕೂತಿರಬೇಕು ಅಂತ ಅದರಲ್ಲಿ ಇಲ್ಲ. ಮುಂದಿನ ವಾರದಿಂದ ಇಬ್ಬರೂ ಬನ್ನಿ."

ಗ್ರಂಥಾಲಯದ ತಣ್ಣನೆಯ ಕೋಣೆಯಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವ ನನ್ನ ಸುಖದ ಸೇವೆ ಹೀಗೆ ಕೊನೆಗೊಂಡು, ನಾನು ಆಸ್ಪತ್ರೆಯ ಬಾಗಿಲಿಗೆ ಬಂದೆ. ನಕ್ಷೆಯನ್ನು ಅಕ್ಕನಿಗಿಂತ ಚೆನ್ನಾಗಿ ಕಲಿತೆ. ಬೆರಳು ತೋರಿಸಿದರೆ ಸಾಕಾಗುವವರನ್ನು ನಾನು ಕಳಿಸುತ್ತಿದ್ದೆ, ಅಷ್ಟು ಸಾಕಾಗದವರನ್ನು ಅಕ್ಕ ಕರೆದೊಯ್ಯುತ್ತಿದ್ದಳು. ಯಾರು ಯಾವ ಬಗೆ ಎಂದು ನಮಗೆ ಒಬ್ಬರನ್ನೊಬ್ಬರು ಕೇಳಬೇಕಾಗುತ್ತಿರಲಿಲ್ಲ. ಜೋರು ಚಳಿ ಹಿಡಿಯುವ ಮೊದಲು ದರ್ಜಿ ಅಜ್ಜ ಎರಡೂ ಕಣ್ಣು ಬಿಟ್ಟುಕೊಂಡು ಬಂದು ಅಕ್ಕನ ಅಳತೆ ತೆಗೆದುಕೊಂಡು ಹೋದರು; ಮೊದಲ ಬಾರಿಗೆ ಅವಳ ಕೈಬೆರಳುಗಳು ಕೋಟಿನಿಂದ ಹೊರಗೆ ಕಂಡವು. ಹೆಡ್‌ಮಿಸ್ ಮೂರು ವರ್ಷವೂ 'ತೃಪ್ತಿಕರ' ಎಂದರು, ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳಲಿಲ್ಲ. ಅಕ್ಕ ಓದು ಮುಗಿಸಿಯೇ ಊರಿಗೆ ಹೋದಳು. ಅತ್ತೆ ಬಾಗಿಲಿಗೇ ಬಂದು ಸೊಸೆಯ ಕೈಯಿಂದ ಚೀಲ ಇಸಕೊಂಡು, ಅವಳ ಕೈಗೆ ಸೌಟು ಕೊಟ್ಟು, ಟೀವಿಯ ಮುಂದೆ ಹೋಗಿ ಕೂತರಂತೆ.

ಅಕ್ಕನಂಥವರನ್ನು ಹೊಗಳುವುದು ಸುಲಭ, ಅವರ ಜೊತೆ ಏಗುವುದು ಕಷ್ಟ. ಅವರಿಗೆ ಎದುರಿಗೆ ನಿಂತ ಒಬ್ಬ ಮನುಷ್ಯ ಕಂಡನೆಂದರೆ ಅವನ ಹಿಂದಿನ ಸಾಲು ಕಾಣುವುದಿಲ್ಲ. ಗಡಿಯಾರ, ನಿಯಮ, ಸ್ವಂತದ ಲಾಭ ನಷ್ಟ, ಯಾವುದೂ ಆ ಹೊತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಜ್ವರದ ಮಗುವನ್ನೆತ್ತಿಕೊಂಡು ಅತ್ತ ತಾಯಿಯ ಮುಂದೆ ಹೆಡ್‌ಮಿಸ್ ಹೇಳಿದ್ದೇ ಸರಿ ಎಂದು ನಾನು ಈಗಲೂ ಒಪ್ಪುತ್ತೇನೆ. ಆದರೆ ಬಣ್ಣದ ಕೈಯನ್ನು ನೋಡುತ್ತ ನಿಂತ ಆ ಮನುಷ್ಯನ ಮುಂದೆ ಯಾವ ನಕ್ಷೆಯೂ ಉಪಯೋಗಕ್ಕೆ ಬರಲಿಲ್ಲ. ಕಂಗಾಲಾದವನಿಗೆ ಬೇಕಾದದ್ದು ದಾರಿಯಲ್ಲ, ಜೊತೆ. ಜೊತೆಗೆ ನಡೆಯುವ ಜನ ಲೋಕದಲ್ಲಿ ಅಪರೂಪ ಎಂದು ನಾನು ಮೊದಲು ತಿಳಿದಿದ್ದೆ. ಆ ಕುರ್ಚಿಯಲ್ಲಿ ಅಷ್ಟು ಕಾಲ ಕೂತ ಮೇಲೆ ಹಾಗೆ ಅನ್ನಿಸುವುದಿಲ್ಲ. ಅಂಥವರು ಬೇಕಾದಷ್ಟು ಇದ್ದಾರೆ. ನೀನು ಹೋಗಿ ಬಾ, ಇಲ್ಲಿ ನಾನು ಕೂತಿರುತ್ತೇನೆ ಎನ್ನುವವರು ಸಿಗದೆ, ಎಷ್ಟೋ ಜನ ಕಣ್ಣು ತುಂಬಿಕೊಂಡು ತಮ್ಮ ತಮ್ಮ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಾರೆ.